"ಅದಾವು" ಎನ್ನುವ ಅನ್ನಪೂರ್ಣಾ

ಎಷ್ಟು ಎಂದು ಕೇಳಿದವರಿಗೆ ಅನ್ನಪೂರ್ಣಾ ನೆಟ್ಟಗೆ ಉತ್ತರ ಕೊಟ್ಟದ್ದನ್ನು ನಾವು ಯಾರೂ ಕಂಡಿಲ್ಲ. ಮನೆಯಲ್ಲಿ ಕುರಿ ಎಷ್ಟು ಎಂದರೆ "ಅದಾವು" ಎನ್ನುತ್ತಾಳೆ, ಇವೆ ಎಂದಷ್ಟೇ ಅರ್ಥ. ಅಂಗಳದ ಕೋಳಿಮರಿಗಳಿಗೂ ಅದೇ ಉತ್ತರ. ಹಾಗೆನ್ನುವಾಗ ಅವಳ ಬಲಗೈಯ ತೋರುಬೆರಳು, ಬಿಟ್ಟರೆ ಏನಾದರೂ ಕಿತಾಪತಿ ಮಾಡೀತೆಂಬಂತೆ, ತಾನಾಗಿ ಮಡಚಿಕೊಂಡು ಅಂಗೈಯೊಳಗೆ ಅಡಗುತ್ತದೆ. ಮೂಡಲಗಿ ಸೀಮೆಯ ಕುರಿಗಾರರ ಮನೆಗಳಲ್ಲಿ ಇದು ಹೊಸತಲ್ಲ. ಉಸಿರಾಡುವ ಜೀವವನ್ನು ಬೊಟ್ಟುಮಾಡಿ ಎಣಿಸಿದರೆ ಅದು ಕಡಿಮೆಯಾಗುತ್ತದೆ ಎಂಬುದು ಅಲ್ಲಿ ನಂಬಿಕೆಯೂ ಹೌದು, ಮರ್ಯಾದೆಯೂ ಹೌದು. ಸೋಜಿಗವೆಂದರೆ, ಇಂಥ ಹುಡುಗಿ ಗೋಕಾಕದ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ವಿದ್ಯಾರ್ಥಿವೇತನ ಗಳಿಸಿ, ಫ್ರಾನ್ಸಿನ ಲಿಲ್ ನಗರದಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಅಧ್ಯಯನಕ್ಕೆ, ಎಂದರೆ ಬೆಳಗಿನಿಂದ ಸಂಜೆಯವರೆಗೆ ಎಣಿಸುವುದೇ ಕಾಯಕವಾದ ಜಾಗಕ್ಕೆ ಹೋದದ್ದು.

ಅವಳ ನಡಿಗೆಯೂ ವಿಚಿತ್ರ. ಗುಂಪಿನಲ್ಲಿ ಯಾವಾಗಲೂ ಕೊನೆಯವಳು. ಸ್ವಲ್ಪ ಓರೆಯಾಗಿ, ಮುಂದಿನವರ ಹಿಮ್ಮಡಿಗಳ ಮೇಲೆ ಕಣ್ಣಿಟ್ಟು ನಡೆಯುತ್ತಾಳೆ. ಚಿಕ್ಕಂದಿನಲ್ಲಿ ಸೋದರತ್ತೆ ಸತ್ತೆವ್ವನ ಮಂದೆಯ ಹಿಂದೆ ಸಾಗುತ್ತ, ದಣಿದ ಮರಿಗಳನ್ನು ಎತ್ತಿಕೊಳ್ಳುತ್ತ ಬಂದ ರೂಢಿ ಅದು. ಲಿಲ್‌ನ ಒಬ್ಬ ಪ್ರಾಧ್ಯಾಪಕರು ಇದನ್ನು ಗಮನಿಸಿ, ಹಿಂದಿನಿಂದ ಮುನ್ನಡೆಸುವುದೇ ನಿಜವಾದ ನಾಯಕತ್ವವೆಂದು ತರಗತಿಯಲ್ಲಿ ಕೊಂಡಾಡಿದರಂತೆ. ಮಂದೆಯ ಹಿಂದೆ ನಡೆದವರಿಗೆ ಸಿಗುವುದು ಧೂಳು ಮಾತ್ರ ಎಂದು ಇವಳು ಮೆಲ್ಲಗೆ ಹೇಳಿದ್ದಕ್ಕೆ ಇಡೀ ಕೋಣೆ ನಕ್ಕಿತು.

ಆದರೆ ಮೊದಲ ಚಳಿಗಾಲದಲ್ಲಿ ಅದೇ ಕೋಣೆ ಬೇರೆ ರೀತಿ ನಕ್ಕಿತ್ತು. ನಿಮ್ಮ ಕುಟುಂಬದ ಉದ್ಯಮದ ಆಸ್ತಿಯನ್ನು ವಿವರಿಸಿ ಎಂದಾಗ ಇವಳು ಕುರಿಗಳಿವೆ ಎಂದಳು. ಎಷ್ಟು? ಇವೆ. ಸುಮಾರಾಗಿ? ಇವೆ. ಅಂಕಿ ಅಂಶಗಳಿಂದ ನುಣುಚಿಕೊಳ್ಳುತ್ತಾಳೆ ಎಂಬ ಮಾತು ಅವಳ ಹೆಸರಿನ ಮುಂದೆ ಬಿತ್ತು. ಆ ಮಾತು ಚುಚ್ಚಿತು. ವರ್ಷವೊಂದು ಕಳೆಯುವಷ್ಟರಲ್ಲಿ ಕೋಷ್ಟಕಗಳಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಟ್ರಾಮಿನ ಕಿಟಕಿಗಳನ್ನೂ ಎಣಿಸುವ ಚಟ ಹತ್ತಿತ್ತು. ಕೊನೆಯ ಯೋಜನೆಗೆ ತಾನೇ ಮುಂದಾಳಾಗಿ, ಕುರಿಗಾರ ಹೆಂಗಸರು ಕೂಡಿ ಉಣ್ಣೆ ಮಾರಿದರೆ ಬಾಳೀತೇ ಎಂಬ ವಿಷಯ ಹಿಡಿದು, ಮಂದೆಗಳ ಸಂಖ್ಯೆ ತರುತ್ತೇನೆಂದು ಮಾತುಕೊಟ್ಟಳು. ಸಂಖ್ಯೆ ಇಲ್ಲದಿದ್ದರೆ ಪದವಿಯಿಲ್ಲ. ಇನ್ನೊಂದು ವರ್ಷ ಓದಲು ವಿದ್ಯಾರ್ಥಿವೇತನವೂ ಇಲ್ಲ.

ಆ ಲೆಕ್ಕಕ್ಕೆಂದು ಊರಿಗೆ ಬಂದಾಗ ಜೊತೆಗೆ ಬಂದವನು ಪೋಲೆಂಡಿನ ಸಹಪಾಠಿ ತೋಮಾಷ್, ಉದ್ದ ಕಾಲಿನ, ನಗುಮುಖದ ಹುಡುಗ. ಸತ್ತೆವ್ವನ ಮಂದೆ ಆಗ ಕೊಣ್ಣೂರಿನ ಬಳಿ, ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ತಂಗಿತ್ತು. ಅತ್ತೆಯ ಮುಂದೆ ನಿಂತ ಅನ್ನಪೂರ್ಣಾ ಕುರಿಗಳ ಲೆಕ್ಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದಳು. ಹವಾ ಕೇಳಿದಳು, ಮಳೆ ಕೇಳಿದಳು, ಮೂರು ಸಲ ಚಹಾ ಕುಡಿದಳು. ಗೆಳತಿಗೆ ನೆರವಾಗಲೆಂದು ತೋಮಾಷ್ ತಾನೇ ಎದ್ದು, ಒಂದೊಂದು ಕುರಿಗೂ ಬೆರಳು ತೋರಿಸುತ್ತ, ಗಟ್ಟಿಯಾಗಿ ಎಣಿಸತೊಡಗಿದ.

"ಏ ತಮ್ಮಾ, ಬಟ್ಟ ಮಡಚೋ!" ಬೆರಳು ಮಡಚೆಂದು ಗದರುತ್ತ ಸತ್ತೆವ್ವ ಕೋಲು ಹಿಡಿದು ಎದ್ದಳು. ಅವನು ಅದನ್ನು ಪ್ರೋತ್ಸಾಹವೆಂದುಕೊಂಡು ಕೊನೆಯ ಕುರಿಯವರೆಗೂ ಎಣಿಸಿ, ಸಂಖ್ಯೆಯನ್ನು ಫೋನಿನಲ್ಲಿ ಬರೆದುಕೊಂಡ.

ಮರುದಿನ ಹೋದರೆ ಹೊಲ ಖಾಲಿ. ಗೂಟ ಕಿತ್ತ ಕುಳಿಗಳು, ಹಿಕ್ಕೆ, ಆರಿದ ಒಲೆ. ಮಂದೆ ಹುಕ್ಕೇರಿಯ ಕಡೆ ಹೋಯಿತೆಂದು ಹೊಲದವರು ಹೇಳಿದರು. ತೋಮಾಷ್ ಪೆಚ್ಚಾದ. ಫೋನನ್ನೇ ಅವಳ ಕೈಗಿಟ್ಟು, ಬೇಕಾದದ್ದು ಇದರಲ್ಲಿದೆ, ಬಳಸುವುದು ಬಿಡುವುದು ನಿನ್ನದು ಎಂದ. ಹುಕ್ಕೇರಿಯ ಬಸ್ಸಿನಲ್ಲಿ ಅವಳು ಅದನ್ನು ಮಡಿಲಲ್ಲಿ ಬೋರಲಾಗಿಟ್ಟುಕೊಂಡು ಕುಳಿತಳು. ಆ ದಾರಿಯಲ್ಲಿ ಅವಳು ಒಂದು ಕಿಟಕಿಯನ್ನೂ ಎಣಿಸಲಿಲ್ಲ.

ಸತ್ತೆವ್ವ ಒಂದು ಬೇವಿನ ನೆರಳಲ್ಲಿ ಕುಂಟುವ ಮರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

"ಬಂದ್ರ ಸಾಹೇಬ್ರು? ಮತ್ತ ಯಾಕ ಬಂದಿ? ಲೆಕ್ಕ ಸಿಕ್ಕಿತ್ತಲ್ಲ."

"ಈ ಫೋನಿನ್ಯಾಗ ಐತಿ ಅತ್ತಿ. ನಾ ಇನ್ನಾ ನೋಡಿಲ್ಲ."

"ನೋಡಿದ್ರ ಪಾಸ್ ಆಗ್ತಿದ್ದಿಲ್ಲೇನು?"

"ಆಗ್ತಿದ್ನಿ."

ಅನ್ನಪೂರ್ಣಾ ಮಡಚಿದ ತೋರುಬೆರಳನ್ನು ಬಿಡಿಸಿ, ತೋಮಾಷ್ ಫೋನಿನಲ್ಲಿ ಬರೆದಿಟ್ಟಿದ್ದನ್ನು ತೆರೆದು ನೋಡದೆ ಅದರಿಂದಲೇ ಅಳಿಸಿ, ಅತ್ತೆಯ ಪಕ್ಕ ಕುಳಿತು ಮರಿಯ ಕಾಲು ಹಿಡಿದುಕೊಂಡಳು. ಆಮೇಲೆ ಕೇಳಿದಳು:

"ಅತ್ತಿ, ಉಣ್ಣಿ ಕತ್ತರಿಸಿದ ಮ್ಯಾಲ ಎಷ್ಟು ಚೀಲ ತುಂಬತಾವು?"

ಮುದುಕಿ ಅವಳನ್ನು ದಿಟ್ಟಿಸಿದಳು. ಕತ್ತರಿಸಿ ಬಿದ್ದ ಉಣ್ಣೆಗೆ ಉಸಿರಿಲ್ಲ. ಅದನ್ನು ಎಣಿಸಿದರೆ ಯಾವ ಜೀವಕ್ಕೂ ದೃಷ್ಟಿ ತಾಗದು. ಮಾರುವುದೂ ಅದನ್ನೇ.

"ಕಳ್ಳಿ! ಇದನ್ನ ಮೊನ್ನೆನ ಕೇಳಾಕ ಏನ್ ಧಾಡಿ ಆಗಿತ್ತ? ಸುಮ್ಮನ ನನ್ನ ಕುರಿ ನಡಸಿದ್ರಿ." ಚೀಲಗಳ ಲೆಕ್ಕ ಹೇಳಿ ಮುಗಿಸಿದ ಸತ್ತೆವ್ವ, ಉಳಿದ ಮಂದೆಗಳ ಹೆಂಗಸರಿಗೂ ತಾನೇ ಫೋನು ಹಚ್ಚಿಸಿ ಕೇಳಿಸಿದಳು.

ಲಿಲ್‌ನಲ್ಲಿ ಪರೀಕ್ಷಕರ ಮುಂದೆ ಅವಳು ಚೀಲಗಳಿಂದಲೇ ಇಡೀ ವ್ಯಾಪಾರದ ನಕ್ಷೆ ಕಟ್ಟಿ ತೋರಿಸಿದಳು. ಕೋಷ್ಟಕದಲ್ಲಿ ಒಟ್ಟು ಕುರಿಗಳ ಜಾಗ ಖಾಲಿಯಿತ್ತು. ಮರೆತಿದ್ದೀರೋ ಎಂದರು. ಬಿಟ್ಟಿದ್ದೇನೆ ಎಂದಳು, ಏಕೆ ಎಂಬುದನ್ನೂ ಬಿಡಿಸಿ ಹೇಳಿದಳು. ಕೊನೆಗೊಬ್ಬರು, ಕುತೂಹಲಕ್ಕಾದರೂ ಹೇಳಿ, ಎಷ್ಟು ಎಂದಾಗ ಅವಳು ತಲೆಯೆತ್ತಿ, ಕನ್ನಡದಲ್ಲೇ "ಅದಾವ್ರಿ" ಎಂದಳು. ಪಕ್ಕದಲ್ಲಿದ್ದ ತೋಮಾಷನ ಬೆರಳು ಮೇಜಿನ ಕೆಳಗೆ ಮಡಚಿಕೊಂಡಿತ್ತು. ಆ ಜಾಗದ ಅಂಕಗಳು ಹೋದವು; ಚೀಲಗಳ ಲೆಕ್ಕವೇ ಸಾಕಾಗಿ ಪದವಿ ಬಂತು.

ಈಗ ಊರಿಗೆ ಬಂದರೆ ಅವಳು ಮೊದಲಿನಂತೆಯೇ ಕೊನೆಯಲ್ಲಿ ನಡೆಯುತ್ತಾಳೆ, ಅದೇ ಉತ್ತರ ಕೊಡುತ್ತಾಳೆ. ಹಿಂದೆ ಅದು ಮನೆಯವರು ಹೇಳಿಕೊಟ್ಟ ಮಾತಾಗಿತ್ತು, ಈಗ ಅವಳದೇ ಆಗಿದೆ. ಇಂಥವರು ದೂರ ಹೋಗಿ ಜಗತ್ತಿನ ಅಳತೆಗೋಲುಗಳನ್ನೆಲ್ಲ ಕಲಿತು ಬರುತ್ತಾರೆ, ಚೆನ್ನಾಗಿಯೇ ಬಳಸುತ್ತಾರೆ. ಆದರೆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಂತೆ, ಕೆಲವು ಜೀವಗಳ ಮುಂದೆ ಆ ಕೋಲನ್ನು ಕೆಳಗಿಟ್ಟು, ಬೆರಳು ಮಡಚಿ ನಿಲ್ಲುತ್ತಾರೆ.