ಯರ್ರೆಪ್ಪನನ್ನು ಕೇಳುತ್ತಾ

ಬುದ್ಧ, ಅಂಬೇಡ್ಕರ್ ಫೋಟೊ ಬಿಟ್ಟರೆ ಬೇರೆ ದೇವರಿಲ್ಲದ ಮನೆ ಅದು. ಅಂಥ ಮನೆಯ ಕ್ರಾಂತಿಕುಮಾರ್ ಒಂದು ಭಾನುವಾರ, "ನಡಿ, ನಮ್ಮ ಸೀಮಿ ಹಳೇ ಗುಡಿ ನೋಡ್ಕೊಂಡು ಬರೋಣ" ಎಂದಾಗ ರಮಾಳಿಗೆ ಖುಷಿಯೇ ಆಯಿತು. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ಅವಳು. ಗಂಡ ತಾಲ್ಲೂಕು ಕಚೇರಿಯ ಗುಮಾಸ್ತ.

ಅನುಮಾನ ಅಂಬಳಿ ಎಂಬ ಊರಿನಲ್ಲಿ ಶುರುವಾಯಿತು. ಗುಡಿಯ ಕಂಬ ನೋಡುತ್ತ ನಿಂತವಳು ತಿರುಗಿದರೆ ಗಂಡನಿಲ್ಲ. ಹಿಂದೆ ಹೋಗಿ ನೋಡಿದರೆ ಮುದುಕನೊಬ್ಬನ ಜೊತೆ ಪಿಸುಮಾತು. ಇವಳನ್ನು ಕಂಡದ್ದೇ ಬಾಯಿ ಮುಚ್ಚಿಕೊಂಡ.

ಮುಂದಿನ ವಾರ ಬಾಗಳಿಯಲ್ಲೂ ಅದೇ. ಈ ಸಲ ರಮಾ ಗೋಡೆಯ ಮರೆಗೆ ನಿಂತು ಕಿವಿಗೊಟ್ಟಳು.

"ಕದ್ದು ಭೇಟಿ ಆಗ್ತಿದ್ರಂತ, ಗುಡಿ ಹಿಂದ. ನಿಮಗೇನಾರ ಗೊತ್ತೇನ್ರಿ?"

ಹೂವು ಮಾರುವ ಹೆಂಗಸು ಗೊತ್ತಿಲ್ಲವೆಂದು ತಲೆಯಾಡಿಸಿದಳು. ಆಮೇಲೆ ರಮಾ ಏನು ಕೇಳಿದಿರಿ ಎಂದರೆ, "ಗುಡಿ ಕಥಿ ಕೇಳ್ತಿದ್ದೆ" ಅಂದ. ಮನೆಗೆ ಬಂದು ಅವನು ಸ್ನಾನಕ್ಕೆ ಹೋದಾಗ ರಮಾ ಫೋನು ತಡಕಿದಳು. ಏನೂ ಸಿಗದಿದ್ದದ್ದು ಅವಳನ್ನು ಇನ್ನೂ ಕಂಗೆಡಿಸಿತು.

ಮತ್ತೊಂದು ಭಾನುವಾರ ಮಾಗಳದ ಗುಡಿಗೆ ಹೊರಟರು. ದಾರಿಯುದ್ದಕ್ಕೂ ಅವಳು ಅವನ ಹೆಗಲ ಮೇಲೆ ಕೈಯಿಡಲಿಲ್ಲ. ಹೊಳೆಯ ದಂಡೆಯಲ್ಲಿ ಬೈಕಿನಿಂದ ಇಳಿದವಳೇ, "ಯಾರ್ರಿ ಆಕಿ? ಹೇಳದಿದ್ರ ನಾನು ಬಸ್ ಹತ್ತತೀನಿ" ಎಂದಳು.

ಕ್ರಾಂತಿಕುಮಾರ್ ಬೈಕಿಗೆ ಸ್ಟ್ಯಾಂಡ್ ಹಾಕಿ ಕೀಲಿ ತೆಗೆದ.

"ಆಕಿ ಅಲ್ಲ, ಅವ. ಯರ್ರೆಪ್ಪ ಅಂತ. ಅವ್ವಗ ಜ್ವರ ಏರಿದಾಗ ಬಡಬಡಿಸಿದ್ಲು. 'ಯರ್ರೆಪ್ಪಾ, ಗುಡಿ ಹಿಂದ ನಿಂದ್ರು, ನಮ್ಮನಿಯವ್ರು ನೋಡಿದ್ರ ಕಡಿತಾರ' ಅಂದ್ಲು. ಅಪ್ಪ ಇರೋವಾಗ ಅವ್ವ ಯಾರ್ನ ಕದ್ದು ನೋಡ್ತಿದ್ಲು? ನಾನು ಯಾರ ಮಗ ಅಂತ ನಿದ್ದಿ ಬರವಲ್ದು ರಮಾ. ಯಾವ ಗುಡಿನೋ ಗೊತ್ತಿಲ್ಲ, ಅದಕ್ಕ ಒಂದೊಂದ ಗುಡಿ ಹುಡುಕಾಕತ್ತೀನಿ."

"ಅತ್ತೀನ್ನೇ ಕೇಳಬೇಕಿತ್ತು."

"ಹೆಂಗ ಕೇಳ್ಲಿ?"

ಗುಡಿಯ ಹಿಂದಿನ ಓಣಿಯಲ್ಲಿ ಹೆಂಗಸೊಬ್ಬಳು ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಯರ್ರೆಪ್ಪನ ಹೆಸರು ಕೇಳಿದ್ದೇ ಅವಳ ಮುಖ ಬಿಗಿಯಿತು.

"ಯಾವೂರವ್ರು ನೀವು? ಯಾರು ಕಳಿಸ್ಯಾರ?"

"ಯಾರೂ ಕಳಿಸಿಲ್ರಿ. ನಾನು ಕೂಡ್ಲಿಗಿ ಗಾಳೆಮ್ಮನ ಮಗ."

ಸೊಪ್ಪು ಅಲ್ಲೇ ಬಿತ್ತು. ಅವಳು ಹತ್ತಿರ ಬಂದು ಅವನ ಮುಖವನ್ನು ನಂಬಿಕೆಯಿಲ್ಲದವಳಂತೆ ಎಡಕ್ಕೂ ಬಲಕ್ಕೂ ನೋಡಿದಳು.

"ನಾನು ಜಂಬಕ್ಕ. ಯರ್ರೆಪ್ಪನ ಹೇಣ್ತಿ. ಇಬ್ರೂ ಚಿಗಟೇರಿಯವ್ರೇ. ನಾವು ಕುರಿಯವ್ರು, ಅವ್ರು ಕೇರಿಯವ್ರು. ಮದಿವಿ ಆದ ದಿನಾನೇ ಎರಡೂ ಮನಿ ಬಾಗಲ ಮುಚ್ಚಿದ್ವು. ಓಡಿ ಬಂದು ಇಲ್ಲಿ ನಿಂತ್ವಿ. ಒಬ್ಬಾಕೀನೇ ನಮ್ಮನ್ನ ಬಿಡಲಿಲ್ಲ, ನಿಮ್ಮವ್ವ. ಪಂಚಮಿಗೆ ತವರಿಗೆ ಬಂದಾಗ ಬಸ್ ಹತ್ತಿ, ಉಡಿಯಾಗ ಶೇಂಗಾ ಉಂಡಿ ಕಟ್ಟಿಕೊಂಡು, ಈ ಗುಡಿ ಹಿಂದ ಬರೋಳು. ನಿಮ್ಮಪ್ಪಗ ಗೊತ್ತಾತು ನೋಡು, ಅಲ್ಲಿಗೆ ನಿಂತ್ಹೋತು."

"ಹಂಗಾದ್ರ ಯರ್ರೆಪ್ಪ..."

"ನಿನ್ನ ಸೋದರಮಾವ. ಇನ್ಯಾರು ಅಂದ್ಕೊಂಡಿದ್ದಿ?"

ಕ್ರಾಂತಿಕುಮಾರ್ ಕಟ್ಟೆಯ ಮೇಲೆ ಕುಳಿತ. ಅವನ ಪಕ್ಕ ಕುಳಿತ ರಮಾಳಿಗೂ ತಲೆ ಎತ್ತಲಾಗಲಿಲ್ಲ.

ಕುರಿ ಹೊಡೆದುಕೊಂಡು ಯರ್ರೆಪ್ಪ ಬಂದಾಗ ಬಿಸಿಲು ಇಳಿದಿತ್ತು. ವಿಷಯ ಕೇಳಿ ಅವನು ಅಕ್ಕನ ಮಗನ ಹೆಗಲು ಹಿಡಿದುಕೊಂಡ. ರಮಾ ಅತ್ತೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಅವನ ಕೈಗೆ ಕೊಟ್ಟಳು.

"ಅಕ್ಕಾ, ನಾನು ಯರ್ರೆಪ್ಪ."

ಆ ಕಡೆ ಗಾಳೆಮ್ಮನ ದನಿ ಗಡುಸಾಯಿತು. "ಯಾರಲೇ ನೀನು? ಯಾರ ಹೆಸರು ಹೇಳಿ ಆಟ ಆಡ್ತೀ? ನಮ್ಮ ಯರ್ರೆಪ್ಪ ಆಗಿದ್ರ ಹೇಳು, ಸಣ್ಣಾವಿದ್ದಾಗ ಬಾವ್ಯಾಗ ಏನು ಬೀಳಿಸಿದ್ದಿ?"

"ಅವ್ವನ ಬೆಳ್ಳಿ ಕಡಗ. ಹೊಡ್ತ ನೀನು ತಿಂದಿ."

ಫೋನು ಕಟ್ಟಾಯಿತೇನೋ ಎಂದು ರಮಾ ಕೈ ಚಾಚಿದಳು. ಅಷ್ಟರಲ್ಲಿ ಗಾಳೆಮ್ಮನ ದನಿ ಮತ್ತೆ ಕೇಳಿತು, ತೀರಾ ಸಣ್ಣಗೆ.

"ಉಂಡಿಯೇನೋ ತಮ್ಮಾ?"

ಯರ್ರೆಪ್ಪನ ಕೈಯಿಂದ ಜಂಬಕ್ಕ ಫೋನು ಕಸಿದುಕೊಂಡು, "ಇಲ್ಲ ಅಕ್ಕಾರ, ಇವತ್ತು ಮುಂಜಾನಿಂದ ಉಂಡಿಲ್ಲ. ನೀವು ಬಂದು ಬೈರಿ" ಎಂದಳು.