ಎಲ್ಲರದ್ದೂ ತೆಗೆದು ನಮಗೇ ಕೊಡವ್ವ

ಹುಳ ಹಣ್ಣಾದರೆ ಯಾರಿಗೂ ಕಾಯುವುದಿಲ್ಲ. ಮಡಕಶಿರಾ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಬೆಳಿಗ್ಗೆ ಸೌಭಾಗ್ಯಳ ಹುಳಮನೆಯಲ್ಲಿ ಹುಳಗಳೆಲ್ಲ ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸುತ್ತಿದ್ದವು. ಇನ್ನು ಅವನ್ನು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಮನೆಮಂದಿಯೆಲ್ಲ ನಿದ್ದೆಗೆಟ್ಟು ಸಾಕಿದ ಬೆಳೆ ಅದು.

ಊರಿನ ಮಹಿಳಾ ಸಂಘ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುತ್ತದೆ. ಈಚೆಗೆ ಆ ಕೆಲಸಕ್ಕೆ ಎಐ ಹಾಕಿಸಿದ್ದರು. ಫೋನಿನಲ್ಲಿ ಬಾಯಿಬಿಟ್ಟು ಹೇಳಿದರೆ ಸಾಕು. ಅದೇ ಕೇಳಿಸಿಕೊಂಡು, ದಿನ ಗೊತ್ತುಮಾಡಿ, ಯಾವ ಮನೆಗೆ ಇಳಿಸಬೇಕೆಂದು ಆಟೊದವನಿಗೂ ತಿಳಿಸಿಬಿಡುತ್ತದೆ. ಸೌಭಾಗ್ಯ ಆಗಲೇ ಬುಕಿಂಗ್ ಮಾಡಿ ನಿಶ್ಚಿಂತೆಯಾಗಿದ್ದಳು. ಆದರೆ ಆಟೊ ಬರಲಿಲ್ಲ, ಮೆಸೇಜ್ ಬಂತು: "ನಿಮ್ಮ ಬುಕಿಂಗ್ ರದ್ದಾಗಿದೆ."

ಅವಳು ಅದನ್ನು ಗಟ್ಟಿಯಾಗಿ ಓದಿದಳು. ಮಾವ ದೊಡ್ಡರಂಗಪ್ಪ ಸುಮ್ಮನಿರುವ ಆಸಾಮಿಯೇ?

"ನಾನ್ ಹೇಳ್ಲಿಲ್ವಾ? ಆ ಮಾತಾಡೋ ಫೋನ್ ನಂಬಬ್ಯಾಡಿ ಅಂತ! ಯಾರೋ ಒಳಗೇ ಕೈಚಳಕ ತೋರ್ಸವ್ರೆ. ಕೈಗೆ ಬಂದ ತುತ್ತು ಬಾಯಿಗ್ ಬರ್ಲಿಲ್ಲ ನೋಡು!"

ಸೌಭಾಗ್ಯ ಸಂಘದ ಮನೆಗೆ ಓಡಿದಳು. ಅಲ್ಲಿ ಕೆಲಸ ನೋಡಿಕೊಳ್ಳುವವಳು ಚಂದ್ರಕಲಾ. ರಾಯದುರ್ಗದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಎಷ್ಟು ವರ್ಷವಾದರೂ ತವರಿನ ಮಾತು ಬಿಟ್ಟಿಲ್ಲ.

"ನಿಮ್ದೊಂದ ಅಲ್ರಿ ಸೌಭಾಗ್ಯಕ್ಕ, ಎಲ್ಲಾರ್ದೂ ರದ್ದಾಗೈತಿ. ಇದ್ದಬದ್ದ ಚಂದ್ರಿಕಿ ಎಲ್ಲಾ ಕದಿರಮ್ಮನವರ ಮನಿಗೆ ಹೋಗ್ಯಾವ್ರಿ!"

ಪಕ್ಕದ ಬೀದಿಯ ಕದಿರಮ್ಮತ್ತೆಯೇ? ಸೌಭಾಗ್ಯಳಿಗೆ ಕೋಪ ನೆತ್ತಿಗೇರಿತು. ಹೋಗಿ ಕೇಳಿಯೇಬಿಡುತ್ತೇನೆ ಎಂದು ಅವಳು ಹೊರಡುವಷ್ಟರಲ್ಲಿ, ಕದಿರಮ್ಮನೇ ಚಂದ್ರಿಕೆ ತುಂಬಿದ ಆಟೊದಲ್ಲಿ ಹೇಗೋ ತೂರಿ ಕೂತು ಬಂದಳು.

"ಇದೇನವ್ವಾ ಚಂದ್ರಕಲಾ! ನಾನ್ ಕೇಳಿದ್ದು ನಾಕೇ ನಾಕು. ಮನೆ ಮುಂದೆ ಬೆಟ್ಟ ಮಾಡ್ಬಿಟ್ಟವ್ರೆ, ಹಸ ಕಟ್ಟಾಕೂ ಜಾಗ ಇಲ್ಲ! ಅಲ್ಲ ಕಣೆ ಸೌಭಾಗ್ಯ, ನಿನ್ ಹುಳ ಇವತ್ತೇ ಹಣ್ಣಾಗ್ಯವಲ್ವಾ? ಬಾಯ್ ಬಿಟ್ಕಂಡು ಯಾಕ್ ನಿಂತಿದ್ದೀಯ, ಆಟೊ ಹತ್ತು!"

ಸೌಭಾಗ್ಯಳ ಕೋಪ ಅಲ್ಲೇ ಕರಗಿತು. ಕದಿರಮ್ಮ ಅಷ್ಟಕ್ಕೇ ಬಿಡಲಿಲ್ಲ, ಸೆರಗು ಸಿಕ್ಕಿಸಿ ಹುಳ ಆಯಲು ತಾನೂ ಕೂತಳು. ಚಂದ್ರಕಲಾ ಉಳಿದವರಿಗೆಲ್ಲ ಫೋನ್ ಮಾಡಿ, ಚಂದ್ರಿಕೆ ಅವರವರ ಮನೆಗೆ ಕಳಿಸಿ, ತಾನೂ ಬಂದು ಕೈ ಹಾಕಿದಳು. ಸಂಜೆಯ ಹೊತ್ತಿಗೆ ಹುಳಗಳೆಲ್ಲ ಚಂದ್ರಿಕೆ ಹತ್ತಿದ್ದವು. ಸೌಭಾಗ್ಯಳ ಕಣ್ಣು ತುಂಬಿ ಬಂತು.

"ಅತ್ತೇ, ನಿಮ್ ಋಣ ಹೆಂಗ್ ತೀರುಸ್ಲಿ?"

"ಋಣ ಅಂತೆ ಋಣ! ಕಾಫಿ ಕಾಸೋಗು, ಗಂಟ್ಲು ಒಣಗೈತೆ."

ಕಾಫಿ ಕುಡಿಯುವಾಗ ಚಂದ್ರಕಲಾ ಫೋನಿನಲ್ಲಿ ಕದಿರಮ್ಮನ ವಾಯ್ಸ್ ಮೆಸೇಜ್ ಹಾಕಿದಳು. "ನಾಕು ಚಂದ್ರಿಕೆ ಬೇಕವ್ವಾ. ಎಲ್ಲರದ್ದೂ ತೆಗೆದು ನಮಗೇ ಕೊಡವ್ವ, ನಿನಗ್ ಪುಣ್ಯ ಬತ್ತೈತೆ!"

ಎಲ್ಲರೂ ಗೊಳ್ಳೆಂದು ನಕ್ಕರು. ನಮ್ಮದನ್ನು ಮರೆಯಬೇಡ ಅನ್ನಲು ನಮ್ಮ ಕಡೆ ಯಾರು ತಾನೇ ಹೀಗೆ ಕೇಳುವುದಿಲ್ಲ? ಹಿಟ್ಟಿನ ಮಿಲ್ಲಿಗೆ ಹೋದರೂ ಇದೇ ಮಾತು, ಬಸ್ಸಿನ ಸೀಟಿಗೂ ಇದೇ ಮಾತು. ಕೇಳಿಸಿಕೊಂಡವರು "ಆಯ್ತು ಬಿಡಮ್ಮ" ಎಂದು ನಗುತ್ತಾರೆ. ಈ ಎಐ ನಗಲಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಟ್ಟಿತ್ತು.

"ಹಂಗಾರೆ ತಪ್ಪೆಲ್ಲ ಕದಿರಮ್ಮಂದೇ ಅನ್ನು," ಎಂದ ದೊಡ್ಡರಂಗಪ್ಪ. ಪಾಪ, ಕದಿರಮ್ಮನ ಮುಖ ಸಪ್ಪಗಾಯಿತು.

"ಇಲ್ರೀ ಯಜಮಾನ್ರ," ಎಂದಳು ಚಂದ್ರಕಲಾ. "ಹೇಳೋರು ಹೇಳಿದ್ರ ಕೇಳೋರಿಗೆ ಬುದ್ಧಿ ಬ್ಯಾಡೇನ್ರಿ? ಬ್ಯಾರೆಯವರ ತೋಟದ ಸೊಪ್ಪು ತಂದ್ರ ನೀವು ಸೀದಾ ಎಲ್ಲಾ ಹುಳಕ್ಕ ಹಾಕ್ತೀರೇನು?"

"ಹಾಕ್ತಾರಾ ಯಾರಾದ್ರೂ? ಔಷಧಿ ಹೊಡ್ದಿದ್ರೆ ಅಷ್ಟೂ ಸತ್ತೋಯ್ತವೆ. ಒಂದಷ್ಟು ಹುಳಕ್ಕೆ ಹಾಕಿ ನೋಡಿ, ಆಮ್ಯಾಕೆ ಉಳಿದವಕ್ಕೆ."

"ಹೊರಗಿಂದ ಬಂದ ಮಾತಿಗೂ ಹಂಗ ಪರೀಕ್ಷೆ ಬೇಕ್ರಿ. ಇದು ಬುಕಿಂಗೋ, ಇದರಾಗ ಬ್ಯಾರೆ ಹುಕುಂ ಐತೋ? ಇನ್ನೊಬ್ರ ಬುಕಿಂಗ್ ಮುಟ್ಟೋ ಹಕ್ಕು ಇವರಿಗೆ ಐತೋ ಇಲ್ಲೋ? ನಮ್ಮ ಸಾಫ್ಟ್‌ವೇರ್ ಅದನ್ನ ಕೇಳ್ಲೇ ಇಲ್ಲ. ಕದಿರಮ್ಮನವರು ಪ್ರೀತಿಲೆ ಅಂದ್ರು. ಅದನ್ನ ಒಬ್ಬ ಕಳ್ಳ ಬೇಕಂತ್ಲೇ ಅಂದಿದ್ರ? 'ಎಲ್ಲಾರ ಬ್ಯಾಂಕ್ ನಂಬರ್ ನನಗ ಕಳ್ಸು' ಅಂದಿದ್ರ?"

ದೊಡ್ಡರಂಗಪ್ಪ ಕಾಫಿ ಲೋಟ ಕೆಳಗಿಟ್ಟ. "ಕಳಿಸ್ಬಿಡ್ತಿತ್ತಾ?"

"ಕಳಿಸ್ತಿತ್ರಿ."

ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಕರೆಸಿ ಸಂಘದವರು ಸರಿಮಾಡಿಸಿದರು. ಈಗ ಅದು ಹೆಸರು, ದಿನ, ಎಷ್ಟು ಚಂದ್ರಿಕೆ, ಇಷ್ಟನ್ನೇ ತೆಗೆದುಕೊಳ್ಳುತ್ತದೆ. ಬೇರೆಯವರ ಬುಕಿಂಗ್ ಅದರ ಕೈಗೆ ಸಿಗುವುದೇ ಇಲ್ಲ. ರದ್ದು ಮಾಡಬೇಕೆಂದರೆ ಚಂದ್ರಕಲಾ ಒಪ್ಪಬೇಕು. ಸದಸ್ಯರ ಬ್ಯಾಂಕ್ ವಿವರವನ್ನಂತೂ ಅದರ ಹತ್ತಿರ ಇಡುವುದನ್ನೇ ಬಿಟ್ಟರು. ದೊಡ್ಡರಂಗಪ್ಪನಿಗೆ ಮಾತ್ರ ಅನುಮಾನ. ಫೋನ್ ಕಿತ್ತುಕೊಂಡು ತಾನೇ ಗದರಿಸಿದ: "ಏಯ್, ಎಲ್ಲಾರ್ದೂ ತೆಗೆದಾಕು!"

"ನಿಮಗೆ ಎಷ್ಟು ಚಂದ್ರಿಕೆ ಬೇಕು, ಯಾವ ದಿನಕ್ಕೆ ಬೇಕು ಹೇಳಿ," ಎಂದಿತು ಅದು ತಣ್ಣಗೆ.

"ಪರವಾಗಿಲ್ವೇ, ಬುದ್ಧಿ ಬಂದೈತೆ!" ಎಂದು ಮುದುಕ ನಕ್ಕ. ಅಂದಿನಿಂದ ಬುಕಿಂಗ್ ಮಾಡುವವನು ಅವನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘಕ್ಕೂ ಅಂಗಡಿಗೂ ಇಂಥ ಎಐ ಬಂದಿರಬಹುದು. ಬರಲಿ, ಬೇಡ ಅನ್ನಬೇಡಿ. ಆದರೆ ಮಾಡಿಕೊಟ್ಟವರನ್ನು ನಾಚಿಕೊಳ್ಳದೆ ಕೇಳಿ: ಹೊರಗಿನಿಂದ ಬಂದ ಮಾತನ್ನು ಇದು ಪರೀಕ್ಷೆ ಮಾಡುತ್ತದೆಯೇ? ಯಾರೋ ಹೇಳಿದರೆಂದು ನಮ್ಮದನ್ನು ಅಳಿಸುತ್ತದೆಯೇ? ದೊಡ್ಡ ಕೆಲಸಕ್ಕೆ ಮೊದಲು ನಮ್ಮವರೊಬ್ಬರನ್ನು ಕೇಳುತ್ತದೆಯೇ? ಉತ್ತರ ಸಿಗುವ ತನಕ ನಿಮ್ಮ ವಿವರ ಕೊಡಬೇಡಿ. ಸೌಭಾಗ್ಯಳ ಬೆಳೆ ಉಳಿದದ್ದು ಆ ಕಡೆ ಇದ್ದವಳು ಕದಿರಮ್ಮ ಆದದ್ದರಿಂದ, ಆ ತಾಯಿ ತಣ್ಣಗಿರಲಿ. ಎಲ್ಲ ಸಲವೂ ಆ ಕಡೆ ಕದಿರಮ್ಮನೇ ಇರುವುದಿಲ್ಲ.