ಕಳೆದುಹೋದ ಶಾಲು

ವರ್ಷಗಟ್ಟಲೆ ಪೆಟ್ಟಿಗೆಯೊಳಗೆ ಮಲಗಿ ಗಂಡನ ಗರಗಸಕ್ಕೆ ಮೈಯೊಡ್ಡಿದವಳು ಒಂದು ಬೆಳಿಗ್ಗೆ ತಾಲೀಮಿನ ನಡುವೆ ಎದ್ದು ಕೂತಳು. "ಈ ಆಟ ಇನ್ನು ಸಾಕು ರೀ."

ಜಾದೂಗಾರ ಗರಗಸ ಕೆಳಗಿಟ್ಟ. "ಸಾಕು ಅಂದ್ರೆ? ಚಪ್ಪಾಳೆ ಬೀಳೋದೇ ಇದಕ್ಕೆ ಕಣೇ."

"ಬೀಳುತ್ತೆ. ಆಮೇಲೆ? ಮೊನ್ನೆ ನನ್ನ ತಂಗಿ ಬಂದಿದ್ಲಲ್ಲ, ಹೇಗಿತ್ತೇ ಅಂದ್ರೆ ಚೆನ್ನಾಗಿತ್ತು ಅಂದ್ಲು. ಏನು ಚೆನ್ನಾಗಿತ್ತು ಅಂದ್ರೆ ತಲೆ ಕೆರ್ಕೊಂಡ್ಲು. ಹಗ್ಗ, ಹೂವು, ನಾಣ್ಯ, ಗರಗಸ. ಒಂದಕ್ಕೊಂದು ನಂಟೇ ಇಲ್ಲ."

ದೀಪ ನೋಡಿಕೊಳ್ಳುವ ಮೈದುನ ಏಣಿಯ ಮೇಲಿಂದಲೇ ನಕ್ಕ. "ಅಣ್ಣಾ, ಇಷ್ಟು ವರ್ಷ ಕತ್ತರಿಸಿದ್ರೂ ಅತ್ತಿಗೆ ನಾಲಿಗೆ ಮೊಂಡಾಗ್ಲಿಲ್ಲ ನೋಡು!"

ಪೆಟ್ಟಿಗೆಯಲ್ಲಿ ಮುದುಡಿಕೊಂಡವಳಿಗೆ ಯೋಚಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆಟಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಕಥೆ ಅಲ್ಲೇ ಹುಟ್ಟಿತ್ತು. ಕಳೆದುಹೋದ ವಸ್ತುಗಳನ್ನು ಹಿಂತಿರುಗಿಸುವ ಕಚೇರಿ, ಗಂಡ ಅಲ್ಲಿನ ಗುಮಾಸ್ತ. ಸತ್ತ ತಾಯಿಯ ಶಾಲು ಕಳೆದುಕೊಂಡು ಬಂದ ಹೆಂಗಸು ಅವಳು. ಅವನು ಹುಡುಕಿದಾಗಲೆಲ್ಲ ಹಗ್ಗವೋ ಹೂವೋ ಬರುತ್ತದೆ, ಬೇಕಾದದ್ದು ಮಾತ್ರ ಬರುವುದಿಲ್ಲ. ಇದರಲ್ಲಿ ಗರಗಸಕ್ಕೆ ಜಾಗವಿರಲಿಲ್ಲ.

ಅದನ್ನು ಕೇಳಿದ ಮೇಲೆ ಅವನು ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಕೊನೆಗೆ, "ಒಂದೇ ಸಲ ನೋಡೋಣ. ಮಾನ ಹೋದ್ರೆ ನೀನೇ ಹೊಣೆ," ಅಂದ.

ಪ್ರದರ್ಶನದ ದಿನ ಸಭಾಂಗಣ ಅರ್ಧ ತುಂಬಿತ್ತು. ಹಗ್ಗ ಬಂತು, ಚಪ್ಪಾಳೆಯಿಲ್ಲ. ಹೂವು ಬಂತು, ಅದಕ್ಕೂ ಇಲ್ಲ. ಗುಮಾಸ್ತ ಗಾಳಿಯಿಂದ ನಾಣ್ಯ ಹಿಡಿದು ಅವಳ ಕೈಗಿಟ್ಟ, ಆಗಲೂ ಇಲ್ಲ. ಅವನು ಅವಳತ್ತ ಬಾಗಿದ.

"ಸಭೆ ಸತ್ತುಹೋಗಿದೆ ಕಣೇ," ಎಂದು ಪಿಸುಗುಟ್ಟಿದ.

"ಸತ್ತಿಲ್ಲ. ಕೇಳಿಸ್ಕೊಳ್ತಿದೆ."

ಆಮೇಲೆ ಮೇಜಿನ ಮೇಲಿನ ಪೆಟ್ಟಿಗೆಯಿಂದ ಬಣ್ಣದ ಬಟ್ಟೆಗಳನ್ನು ಎಳೆಯುವ ಆಟ. ಮಕ್ಕಳೂ ಆಕಳಿಸುವಷ್ಟು ಹಳೆಯದು. ಕೆಂಪು ಬಂತು, ನೀಲಿ ಬಂತು, ಹಸಿರು ಬಂತು. ಅವಳು ಒಂದೊಂದನ್ನೂ ಕೆನ್ನೆಗೊತ್ತಿ ನೋಡಿ, ಅಲ್ಲವೆಂದು ಪಕ್ಕಕ್ಕಿಟ್ಟಳು.

"ಬಿಟ್ಟು ಹೋಗ್ಬೇಡಮ್ಮ, ಇನ್ನೂ ಇರುತ್ತೆ!" ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದರು.

"ಏ ಗುಮಾಸ್ತ, ಸರಿಯಾಗಿ ಹುಡುಕಯ್ಯ!" ಹಿಂದಿನಿಂದ ಇನ್ನೊಬ್ಬರು.

ಸಭೆಯೆಲ್ಲ ಗೊಳ್ಳೆಂದಿತು. ಜಾದೂಗಾರನಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. ಪೆಟ್ಟಿಗೆ ಬೋರಲು ಹಾಕಿ ಖಾಲಿಯೆಂದು ತೋರಿಸಿದ, ಜನ ಅಯ್ಯೋ ಎಂದರು. ಮತ್ತೆ ನೆಟ್ಟಗಿಟ್ಟು ಭುಜದವರೆಗೂ ಕೈಯಿಳಿಸಿ, ಬಣ್ಣ ಮಾಸಿದ, ಅಂಚಿಗೆ ಹೊಲಿಗೆ ಹಾಕಿದ ಕಂದು ಶಾಲು ತೆಗೆದ. ಅವಳು ಅದನ್ನು ಹೊದ್ದುಕೊಂಡಳು. ಅಳುವುದು ತಾಲೀಮಿನಲ್ಲಿರಲಿಲ್ಲ, ಆದರೂ ಕಣ್ಣು ತುಂಬಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ತಾನು ಬಾಗುವ ಮೊದಲು ಅವಳ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ತಳ್ಳಿದ.

ಬಣ್ಣ ತೊಳೆಯುವ ಕೋಣೆಯಲ್ಲಿ ಅವನ ಮುಖದ ತುಂಬ ಇನ್ನೂ ಸೋಪಿನ ನೊರೆ. "ಆ ನಾಣ್ಯದ ಆಟ ಸರಿಯಾಗಿ ಕೂರ್ಲಿಲ್ಲ ಕಣೇ. ಶಾಲು ಕೇಳಿದವಳಿಗೆ ಗುಮಾಸ್ತ ನಾಣ್ಯ ಯಾಕೆ ಕೊಡ್ತಾನೆ?"

"ಸಮಾಧಾನ ಮಾಡೋಕೆ. ಅಳೋ ಮಗು ಕೈಗೆ ಏನಾದ್ರೂ ಕೊಡ್ತಾರಲ್ಲ, ಹಾಗೆ."

"ಹಾಗಾದ್ರೆ ಗಾಳಿಯಿಂದ ಹಿಡೀಬಾರ್ದು. ತನ್ನ ಜೇಬಿಂದಲೇ ತೆಗೀಬೇಕು, ಅಲ್ವಾ?" ಎನ್ನುತ್ತಾ ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.